ರಾಬಿನ್ ಡೇ: ಬ್ರಿಟನ್ ಮಂತ್ರಿಗಳಿಗೆ ಟಿವಿಯಲ್ಲಿ ಪಾಟೀಸವಾಲು ಹಾಕಿದ ಪತ್ರಕರ್ತ

1982ರ ಅಕ್ಟೋಬರ್. ಇಂಗ್ಲೆಂಡಿನ ಕಡಲ ತೀರದ ಊರು ಬ್ರೈಟನ್‌ನಲ್ಲಿ ಆಡಳಿತಾರೂಢ ಕನ್ಸರ್ವೇಟಿವ್ ಪಕ್ಷದ ವಾರ್ಷಿಕ ಸಮಾವೇಶ ನಡೆಯುತ್ತಿತ್ತು. ಫಾಕ್‌ಲ್ಯಾಂಡ್ಸ್ ಯುದ್ಧ ಗೆದ್ದು ನಾಲ್ಕು ತಿಂಗಳಷ್ಟೇ ಆಗಿತ್ತು. ರಕ್ಷಣಾ ಸಚಿವ ಜಾನ್ ನಾಟ್ ಬಿಬಿಸಿ ಕ್ಯಾಮೆರಾ ಮುಂದೆ ಕುಳಿತಿದ್ದರು. ಯುದ್ಧಕ್ಕೂ ಮೊದಲು ನೌಕಾಪಡೆಯ ಹಡಗುಗಳ ಸಂಖ್ಯೆ ಇಳಿಸಲು ಹೊರಟಿದ್ದವರು ಇವರೇ. ಮುಂದಿನ ಚುನಾವಣೆಯಲ್ಲಿ ತಾವು ಸ್ಪರ್ಧಿಸುವುದಿಲ್ಲ ಎಂದೂ ಆಗಲೇ ಹೇಳಿದ್ದರು.

ಎದುರು ಕುಳಿತಿದ್ದ ದಪ್ಪ ಕನ್ನಡಕದ, ಚುಕ್ಕಿ ಬೋ ಟೈ ಕಟ್ಟಿದ್ದ ಪತ್ರಕರ್ತ ನೇರವಾಗಿಯೇ ಕೇಳಿದರು: ಇವತ್ತು ಇದ್ದು ನಾಳೆ ಹೋಗುವ ನಿಮ್ಮಂಥ ರಾಜಕಾರಣಿಯ ಮಾತನ್ನು ಜನ ಏಕೆ ನಂಬಬೇಕು, ವರ್ಷಗಟ್ಟಲೆ ಅನುಭವವಿರುವ ನೌಕಾಪಡೆಯ ಹಿರಿಯ ಅಧಿಕಾರಿಯ ಮಾತನ್ನು ಏಕೆ ನಂಬಬಾರದು?

ನಾಟ್ ಮುಖ ಕೆಂಪಾಯಿತು. ಈ ಸಂದರ್ಶನ ಸಾಕಾಗಿದೆ, ಇದೆಲ್ಲ ಹಾಸ್ಯಾಸ್ಪದ ಎಂದು ಹೇಳಿ ಕೋಟಿಗೆ ಸಿಕ್ಕಿಸಿದ್ದ ಮೈಕ್ ಕಿತ್ತು ಮೇಜಿನ ಮೇಲೆ ಎಸೆದು ಎದ್ದು ಹೋದರು. ಸಂದರ್ಶಕರು ಕದಲಲಿಲ್ಲ. ಖಾಲಿಯಾದ ಕುರ್ಚಿಯ ಕಡೆ ತಿರುಗಿ ಧನ್ಯವಾದ ಹೇಳಿ ಮುಗಿಸಿದರು. ಇಪ್ಪತ್ತು ವರ್ಷಗಳ ನಂತರ, 2002ರಲ್ಲಿ ನಾಟ್ ತಮ್ಮ ಆತ್ಮಕಥೆ ಪ್ರಕಟಿಸಿದಾಗ ಅದಕ್ಕೆ ಇಟ್ಟ ಹೆಸರು 'ಹಿಯರ್ ಟುಡೇ, ಗಾನ್ ಟುಮಾರೋ'. ತಮ್ಮನ್ನು ಕೆರಳಿಸಿದ ಮಾತನ್ನೇ ಪುಸ್ತಕದ ಮುಖಪುಟಕ್ಕೆ ಹಾಕಿಕೊಂಡ ಮಂತ್ರಿಯ ಹಾಸ್ಯಪ್ರಜ್ಞೆಯನ್ನೂ ಮೆಚ್ಚಬೇಕು.

ಆ ಪ್ರಶ್ನೆ ಕೇಳಿದವರು ಸರ್ ರಾಬಿನ್ ಡೇ. 1955ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಬ್ರಿಟನ್‌ನ ಪ್ರಧಾನಿಗಳು, ವಿರೋಧ ಪಕ್ಷದ ನಾಯಕರು, ಮಂತ್ರಿಗಳು ಅವರ ಎದುರು ಕುಳಿತು ಉತ್ತರ ಕೊಟ್ಟಿದ್ದಾರೆ. ಅಧಿಕಾರದಲ್ಲಿರುವವರನ್ನು ಟಿವಿಯಲ್ಲಿ ನೇರವಾಗಿ ಪ್ರಶ್ನಿಸಬಹುದು ಎಂದು ಬ್ರಿಟನ್‌ಗೆ ತೋರಿಸಿಕೊಟ್ಟವರಲ್ಲಿ ಡೇ ಮೊದಲಿಗರು. ಹೀಗೆ ಪ್ರಶ್ನಿಸುವ ವಿದ್ಯೆಗೆ ರಾಜಕಾರಣಿಗಳು ಮದ್ದು ಕಂಡುಹಿಡಿದುಬಿಟ್ಟರು ಎಂದು ಕೊನೆಗೆ ಬಹಿರಂಗವಾಗಿ ಬೇಸರಪಟ್ಟುಕೊಂಡವರೂ ಅವರೇ.

ವಕೀಲರಾಗಬೇಕಿದ್ದವರು

ಡೇ ಹುಟ್ಟಿದ್ದು 1923ರ ಅಕ್ಟೋಬರ್ 24ರಂದು, ಲಂಡನ್‌ನಲ್ಲಿ. ತಂದೆ ಅಂಚೆ ಇಲಾಖೆಯ ದೂರವಾಣಿ ವಿಭಾಗದ ನೌಕರ. ಎರಡನೇ ಮಹಾಯುದ್ಧದ ಕಾಲದಲ್ಲಿ ಡೇ ಫಿರಂಗಿ ದಳ ಸೇರಿದರು, ಪೂರ್ವ ಆಫ್ರಿಕಾದಲ್ಲಿ ಸೇವೆ ಸಲ್ಲಿಸಿದರು. ಸೈನ್ಯದಿಂದ ಬಿಡುಗಡೆಯಾದ ಮೇಲೆ 1947ರಲ್ಲಿ ಆಕ್ಸ್‌ಫರ್ಡ್‌ನ ಸೇಂಟ್ ಎಡ್ಮಂಡ್ ಹಾಲ್‌ಗೆ ಕಾನೂನು ಓದಲು ಬಂದಾಗ ಅವರಿಗೆ 23 ವರ್ಷ.

ಓದಿಗಿಂತ ಹೆಚ್ಚು ಹೆಸರು ತಂದುಕೊಟ್ಟದ್ದು ಆಕ್ಸ್‌ಫರ್ಡ್ ಯೂನಿಯನ್ ಎಂಬ ಚರ್ಚಾ ಸಂಘ. ಬ್ರಿಟನ್‌ನ ಎಷ್ಟೋ ರಾಜಕಾರಣಿಗಳು ಮಾತು ಕಲಿತದ್ದು ಅಲ್ಲಿಯೇ. 1950ರಲ್ಲಿ ಡೇ ಅದರ ಅಧ್ಯಕ್ಷರಾದರು. ಅವರಿಗಿಂತ ಮೂರು ವರ್ಷ ಮೊದಲು ಆ ಕುರ್ಚಿಯಲ್ಲಿದ್ದವರು ಮುಂದೆ ಲೇಬರ್ ಪಕ್ಷದ ಎಡಪಂಥೀಯ ನಾಯಕರಾದ ಟೋನಿ ಬೆನ್. ಮರುವರ್ಷ ಅಧ್ಯಕ್ಷರಾದವರು ಮುಂದೆ ಲಿಬರಲ್ ಪಕ್ಷದ ನಾಯಕರಾದ ಜೆರೆಮಿ ಥಾರ್ಪ್. ಓರಗೆಯವರು ಸಂಸತ್ತಿನ ದಾರಿ ಹಿಡಿಯುತ್ತಿದ್ದರೆ ಡೇ 1952ರಲ್ಲಿ ವಕೀಲಿಕೆಗೆ ಸೇರಿದರು.

ಕಪ್ಪು ಕೋಟು ಬಹಳ ದಿನ ಮೈ ಮೇಲೆ ಉಳಿಯಲಿಲ್ಲ. ವಾಷಿಂಗ್ಟನ್‌ನಲ್ಲಿದ್ದ ಬ್ರಿಟಿಷ್ ಸರ್ಕಾರದ ಮಾಹಿತಿ ಸೇವೆಯಲ್ಲಿ ಸ್ವಲ್ಪ ಕಾಲ, ಬಿಬಿಸಿ ರೇಡಿಯೋದಲ್ಲಿ ಇನ್ನೂ ಸ್ವಲ್ಪ ಕಾಲ ಕಳೆದರು. ಕೋರ್ಟಿನಲ್ಲಿ ಕಲಿತ ಒಂದು ವಿದ್ಯೆ ಮಾತ್ರ ಕೊನೆಯವರೆಗೂ ಕೈಬಿಡಲಿಲ್ಲ. ಅದು ಪಾಟೀಸವಾಲು. ಚಿಕ್ಕ ಪ್ರಶ್ನೆ, ಒಂದು ಸಲಕ್ಕೆ ಒಂದೇ ಪ್ರಶ್ನೆ, ಉತ್ತರ ಜಾರಿಕೊಂಡರೆ ಅದೇ ಪ್ರಶ್ನೆ ಮತ್ತೊಮ್ಮೆ.

ಟಿವಿ ಎಂದರೆ ವಿನಯ ಎಂದಿದ್ದ ಕಾಲ

ಡೇ ಬರುವ ಮೊದಲು ಬ್ರಿಟನ್‌ನ ಟಿವಿ ಹೇಗಿತ್ತು ಎಂದು ಇಂದಿನವರಿಗೆ ಊಹಿಸುವುದೂ ಕಷ್ಟ. ಬಿಬಿಸಿ 1954ರ ಜುಲೈನಲ್ಲಿ ಟಿವಿ ವಾರ್ತೆ ಆರಂಭಿಸಿದಾಗ ಓದುವವರ ಮುಖವನ್ನೇ ತೋರಿಸುತ್ತಿರಲಿಲ್ಲ. ಮುಖ ಕಂಡರೆ ಸುದ್ದಿಯ ಗಾಂಭೀರ್ಯ ಕೆಡುತ್ತದೆ ಎಂಬ ಅಂಜಿಕೆ. ಮುಖ ತೋರಿಸಲು ಶುರು ಮಾಡಿದ್ದು 1955ರ ಸೆಪ್ಟೆಂಬರ್‌ನಲ್ಲಿ, ಅದೂ ಖಾಸಗಿ ಪ್ರತಿಸ್ಪರ್ಧಿ ಐಟಿವಿ ಬಾಗಿಲಲ್ಲಿ ಬಂದು ನಿಂತಾಗ.

ಇದಕ್ಕಿಂತ ವಿಚಿತ್ರವಾದ ಕಟ್ಟಳೆಯೊಂದಿತ್ತು. ಮುಂದಿನ ಹದಿನಾಲ್ಕು ದಿನಗಳಲ್ಲಿ ಸಂಸತ್ತಿನಲ್ಲಿ ಚರ್ಚೆಗೆ ಬರಲಿರುವ ಯಾವ ವಿಷಯವನ್ನೂ ರೇಡಿಯೋ ಅಥವಾ ಟಿವಿಯಲ್ಲಿ ಚರ್ಚಿಸುವಂತಿರಲಿಲ್ಲ. ಯುದ್ಧಕಾಲದಲ್ಲಿ ಬಿಬಿಸಿ ತಾನೇ ಒಪ್ಪಿಕೊಂಡಿದ್ದ ಈ ನಿಯಮವನ್ನು 1955ರಲ್ಲಿ ಸರ್ಕಾರ ಅಧಿಕೃತ ಆದೇಶವಾಗಿಯೇ ಹೊರಡಿಸಿತ್ತು. ಅಂದರೆ ಊರಿಗೆ ಊರೇ ಮಾತಾಡುತ್ತಿರುವ ಸಂಗತಿಯ ಬಗ್ಗೆ ಟಿವಿ ಮಾತ್ರ ಬಾಯಿ ಮುಚ್ಚಿಕೊಂಡಿರಬೇಕು. 1956ರ ಸೂಯೆಜ್ ಬಿಕ್ಕಟ್ಟಿನ ಹೊತ್ತಿಗೆ ಈ ನಿಯಮ ನಗೆಪಾಟಲಾಗಿ, ಆ ವರ್ಷದ ಕೊನೆಗೆ ಅಮಾನತುಗೊಂಡಿತು.

ಮಂತ್ರಿಗಳ ಸಂದರ್ಶನವಂತೂ ಸ್ವಾಗತ ಭಾಷಣದಂತೆ ಇರುತ್ತಿತ್ತು. ವಿಮಾನದಿಂದ ಇಳಿದು ಬಂದ ಮಂತ್ರಿಯ ಬಳಿ ತಗ್ಗಿದ ದನಿಯಲ್ಲಿ, ತಾವು ಏನಾದರೂ ಹೇಳಲು ಬಯಸುತ್ತೀರಾ ಎಂದು ಕೇಳುವುದು. ಮಂತ್ರಿ ಬಯಸಿದರೆ ನಾಲ್ಕು ಮಾತು ಹೇಳುವುದು, ಇಲ್ಲವಾದರೆ ಕಾರು ಹತ್ತುವುದು. ಮರುಪ್ರಶ್ನೆ ಎಂಬುದೇ ಇರಲಿಲ್ಲ.

1955ರ ಸೆಪ್ಟೆಂಬರ್ 22ರಂದು ಐಟಿವಿ ಆರಂಭವಾಯಿತು. ಅದಕ್ಕೆ ಸುದ್ದಿ ಒದಗಿಸಲು ಹುಟ್ಟಿಕೊಂಡ ಐಟಿಎನ್ ಸಂಸ್ಥೆ ತನ್ನ ಸುದ್ದಿ ವಾಚಕರನ್ನು 'ನ್ಯೂಸ್‌ಕಾಸ್ಟರ್' ಎಂದು ಕರೆಯಿತು. ಹೆಸರು ಮಾತ್ರ ಬೇರೆಯಲ್ಲ, ಕೆಲಸವೂ ಬೇರೆ. ಬರೆದುಕೊಟ್ಟದ್ದನ್ನು ಓದುವುದಲ್ಲ, ಸುದ್ದಿಯನ್ನು ತಾವೇ ತಿದ್ದಿ, ಬರೆದು, ತಮ್ಮ ದನಿಯಲ್ಲಿ ಹೇಳುವುದು. ಹಾಗೆ ಆಯ್ಕೆಯಾದ ಮೊದಲಿಗರಲ್ಲಿ ಇಬ್ಬರು ರಾಬಿನ್ ಡೇ ಮತ್ತು ಓಟಗಾರ ಕ್ರಿಸ್ ಚಾಟವೇ. 1954ರಲ್ಲಿ ರೋಜರ್ ಬ್ಯಾನಿಸ್ಟರ್ ನಾಲ್ಕು ನಿಮಿಷದೊಳಗೆ ಒಂದು ಮೈಲಿ ಓಡಿ ದಾಖಲೆ ಮಾಡಿದಾಗ ಮುಂದೆ ಓಡಿ ವೇಗ ಕಾಯ್ದುಕೊಟ್ಟವರಲ್ಲಿ ಒಬ್ಬರು ಇದೇ ಚಾಟವೇ. ಸುಂದರಾಂಗ ಚಾಟವೇ ಪಕ್ಕದಲ್ಲಿ ಗಡುಸು ಮುಖದ, ದಪ್ಪ ಕನ್ನಡಕದ ಡೇ ಟಿವಿಗೆ ಹೇಳಿಮಾಡಿಸಿದವರಂತೆ ಕಾಣುತ್ತಿರಲಿಲ್ಲ. ಕೆಲ ವರ್ಷಗಳ ನಂತರ ಹಾಸ್ಯನಟ ಫ್ರಾಂಕಿ ಹೋವರ್ಡ್ ಟಿವಿ ಕಾರ್ಯಕ್ರಮವೊಂದರಲ್ಲಿ, ಡೇ ಅವರ ಕನ್ನಡಕವೇ ಕ್ರೂರವಾಗಿದೆ ಎಂದು ಹೇಳಿ ಜನರನ್ನು ನಗಿಸಿದರು. ಆ ಕನ್ನಡಕವೇ ಮುಂದೆ ಅವರ ಟ್ರೇಡ್‌ಮಾರ್ಕ್ ಆಯಿತು.

ಕೈರೋದಲ್ಲಿ ನಾಸರ್, ಲಂಡನ್‌ನಲ್ಲಿ ಮ್ಯಾಕ್‌ಮಿಲನ್

1956ರಲ್ಲಿ ಐಟಿಎನ್ ಸಂಪಾದಕರಾಗಿ ಬಂದ ಜೆಫ್ರಿ ಕಾಕ್ಸ್, ಡೇ ಅವರ ಪ್ರಶ್ನಿಸುವ ಗುಣಕ್ಕೆ ಬೇಲಿ ಹಾಕಲಿಲ್ಲ. ಮರುವರ್ಷವೇ ಅದರ ಫಲ ಕಂಡಿತು.

ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದ ಈಜಿಪ್ಟ್ ಮೇಲೆ ಬ್ರಿಟನ್, ಫ್ರಾನ್ಸ್, ಇಸ್ರೇಲ್ ದಾಳಿ ಮಾಡಿ ಕೈ ಸುಟ್ಟುಕೊಂಡಿದ್ದವು. ಬ್ರಿಟನ್ ಮತ್ತು ಈಜಿಪ್ಟ್ ನಡುವೆ ರಾಜತಾಂತ್ರಿಕ ಸಂಬಂಧ ಕಡಿದುಹೋಗಿತ್ತು. ಅಂಥ ಹೊತ್ತಿನಲ್ಲಿ, 1957ರಲ್ಲಿ ಡೇ ಕೈರೋಗೆ ಹೋಗಿ ಅಧ್ಯಕ್ಷ ಗಮಾಲ್ ಅಬ್ದುಲ್ ನಾಸರ್ ಅವರನ್ನು ಸಂದರ್ಶಿಸಿದರು. ಬ್ರಿಟನ್ ಪತ್ರಿಕೆಗಳಲ್ಲಿ ನಾಸರ್ ಅಂದರೆ ಖಳನಾಯಕ. ಬ್ರಿಟನ್ ಜನ ತಮ್ಮ ಮನೆಯ ಟಿವಿಯಲ್ಲಿ ಕಂಡದ್ದು ಶಾಂತವಾಗಿ ಕುಳಿತು ಇಂಗ್ಲಿಷ್‌ನಲ್ಲಿ ಮಾತಾಡುವ ನಾಯಕನನ್ನು.

ಡೇ ಅಲ್ಲಿಯೂ ಉಪಚಾರದ ಮಾತಿಗೆ ನಿಲ್ಲಲಿಲ್ಲ. ಹಾಗಾದರೆ ಇಸ್ರೇಲ್ ಸ್ವತಂತ್ರ ರಾಷ್ಟ್ರವಾಗಿ ಶಾಶ್ವತವಾಗಿ ಇರುವುದನ್ನು ನೀವು ಒಪ್ಪುತ್ತೀರಿ ಎಂದು ಅರ್ಥವೇ ಎಂದು ಕೇಳಿದರು. ನೀವು ಆತುರದಲ್ಲಿ ತೀರ್ಮಾನಕ್ಕೆ ಬರುತ್ತಿದ್ದೀರಿ ಎಂದರು ನಾಸರ್. ತೀರ್ಮಾನವಲ್ಲ, ನಾನು ಪ್ರಶ್ನೆ ಕೇಳುತ್ತಿದ್ದೇನೆ ಎಂದರು ಡೇ. ಎರಡು ಸರ್ಕಾರಗಳು ಮಾತು ಬಿಟ್ಟಿದ್ದಾಗ ಒಬ್ಬ ಟಿವಿ ವರದಿಗಾರ ಆ ಅಂತರ ದಾಟಿ ಹೋಗಿ ಇಂಥ ಪ್ರಶ್ನೆ ಕೇಳಿದ್ದು ಬ್ರಿಟನ್‌ಗೆ ಹೊಸದು.

ಮರುವರ್ಷದ್ದು ಇನ್ನೂ ದೊಡ್ಡ ಸುದ್ದಿ. 1958ರ ಫೆಬ್ರವರಿಯಲ್ಲಿ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ ಐಟಿಎನ್‌ಗೆ ಸಂದರ್ಶನ ಕೊಟ್ಟರು. ವಿದೇಶಾಂಗ ಸಚಿವ ಸೆಲ್ವಿನ್ ಲಾಯ್ಡ್ ಅವರ ಬಗ್ಗೆ ಸ್ವಪಕ್ಷದಲ್ಲೇ ಗೊಣಗಾಟವಿದ್ದ ಕಾಲ. ಲಾಯ್ಡ್ ಮೇಲಿನ ಟೀಕೆಗಳ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಡೇ ನೇರವಾಗಿ ಪ್ರಧಾನಿಯನ್ನೇ ಕೇಳಿದರು. ಮ್ಯಾಕ್‌ಮಿಲನ್ ತಬ್ಬಿಬ್ಬಾಗಲಿಲ್ಲ. ಲಾಯ್ಡ್ ಒಳ್ಳೆಯ ಸಚಿವ, ಹಾಗೆ ಅನಿಸದಿದ್ದರೆ ನಾನೇ ಬದಲಾಯಿಸುತ್ತಿದ್ದೆ ಎಂಬರ್ಥದ ಉತ್ತರ ಕೊಟ್ಟರು.

ಇಂದು ಯಾವ ಜಿಲ್ಲಾ ವರದಿಗಾರನೂ ಕೇಳಬಹುದಾದ ಪ್ರಶ್ನೆ ಇದು. ಅಂದು ಪತ್ರಿಕೆಗಳಲ್ಲಿ ವಾದವೇ ಎದ್ದಿತು. ಒಬ್ಬ ಪ್ರಧಾನಿಯನ್ನು ಲಕ್ಷಾಂತರ ಜನರ ಮುಂದೆ ಕೂರಿಸಿ ಅವರ ಸಹೋದ್ಯೋಗಿಯ ಯೋಗ್ಯತೆ ಬಗ್ಗೆ ಕೇಳಬಹುದೇ? ಟಿವಿ ತನ್ನ ಮಿತಿ ಮೀರುತ್ತಿದೆಯೇ? ಈ ಆಕ್ಷೇಪ ಎತ್ತಿದವರು ರಾಜಕಾರಣಿಗಳಷ್ಟೇ ಅಲ್ಲ, ಅಕ್ಷರ ಮಾಧ್ಯಮದ ಪತ್ರಕರ್ತರೂ ಹೌದು. ತಮ್ಮ ಕೈಯಲ್ಲಿದ್ದ ಅಸ್ತ್ರ ಇನ್ನೊಬ್ಬರ ಕೈಗೆ ಹೋದಾಗ ಬರುವ ಸಂಕಟ ಎನ್ನಬಹುದು. ಪ್ರಧಾನಿ ಟಿವಿಯಲ್ಲೇ ಬೆಂಬಲ ಕೊಟ್ಟ ಮೇಲೆ ಲಾಯ್ಡ್ ಅವರನ್ನು ತೆಗೆಯುವುದು ಕಷ್ಟವಾಯಿತು, ಡೇ ಕೇಳಿದ ಪ್ರಶ್ನೆಯೇ ಅವರ ಕುರ್ಚಿ ಉಳಿಸಿತು ಎಂಬ ಮಾತೂ ನಂತರ ಬಂತು. ಲಾಯ್ಡ್ 1960ರವರೆಗೆ ಅದೇ ಖಾತೆಯಲ್ಲಿದ್ದರು. 1962ರ ಜುಲೈನಲ್ಲಿ ಮ್ಯಾಕ್‌ಮಿಲನ್ ಒಂದೇ ಏಟಿಗೆ ಸಂಪುಟದ ಏಳು ಮಂದಿಯನ್ನು ಮನೆಗೆ ಕಳಿಸಿದಾಗ, ಹಣಕಾಸು ಸಚಿವರಾಗಿದ್ದ ಲಾಯ್ಡ್ ತಲೆಯೂ ಉರುಳಿತು.

ಅದೇ ಫೆಬ್ರವರಿಯಲ್ಲಿ ರಾಚ್‌ಡೇಲ್ ಉಪಚುನಾವಣೆ ನಡೆಯಿತು. ಬ್ರಿಟನ್‌ನಲ್ಲಿ ಟಿವಿ ಕ್ಯಾಮೆರಾ ಹೆಚ್ಚು ಗಮನ ಕೊಟ್ಟ ಮೊದಲ ಚುನಾವಣೆ ಅದು. ಅಲ್ಲಿಯವರೆಗೆ ಚುನಾವಣೆ ಬಂತೆಂದರೆ ಬಿಬಿಸಿ ಪ್ರಚಾರದ ಸುದ್ದಿಯನ್ನೇ ದೂರ ಇಡುತ್ತಿತ್ತು. ರಾಚ್‌ಡೇಲ್‌ನಲ್ಲಿ ಲಿಬರಲ್ ಅಭ್ಯರ್ಥಿಯಾಗಿದ್ದವರು ಐಟಿಎನ್‌ನ ಇನ್ನೊಬ್ಬ ನ್ಯೂಸ್‌ಕಾಸ್ಟರ್ ಲುಡೊವಿಕ್ ಕೆನಡಿ. ಅವರು ಗೆಲ್ಲದಿದ್ದರೂ ಎರಡನೇ ಸ್ಥಾನಕ್ಕೆ ಬಂದರು.

ಹಿಯರ್‌ಫರ್ಡ್‌ನ ಸೋಲು

ಸಂಸತ್ತಿಗೆ ಹೋಗುವ ಆಸೆ ಡೇ ಅವರಿಗೂ ಇತ್ತು. 1959ರ ಸಾರ್ವತ್ರಿಕ ಚುನಾವಣೆಯಲ್ಲಿ ಐಟಿಎನ್ ಕೆಲಸ ಬಿಟ್ಟು, ಹಿಯರ್‌ಫರ್ಡ್ ಕ್ಷೇತ್ರದಿಂದ ಲಿಬರಲ್ ಪಕ್ಷದ ಅಭ್ಯರ್ಥಿಯಾಗಿ ನಿಂತರು. ಸೋತರು. ಆ ಚುನಾವಣೆಯಲ್ಲಿ ಇಡೀ ದೇಶದಲ್ಲಿ ಲಿಬರಲ್ ಪಕ್ಷ ಗೆದ್ದದ್ದು ಆರೇ ಸ್ಥಾನ. ಅದೇ ದಿನ ಅವರ ಹಳೆಯ ಜೊತೆಗಾರ ಚಾಟವೇ ಕನ್ಸರ್ವೇಟಿವ್ ಪಕ್ಷದಿಂದ ಗೆದ್ದು ಸಂಸತ್ತಿಗೆ ಹೋದರು.

ಡೇ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಆದರೆ ಆ ನೋವು ಹೋಗಲೂ ಇಲ್ಲ. ಎಷ್ಟೇ ಹೆಸರು ಬಂದರೂ ತಾವು ಕೇವಲ ಪ್ರಶ್ನೆ ಕೇಳುವವರು, ನಿರ್ಧಾರ ತೆಗೆದುಕೊಳ್ಳುವವರಲ್ಲ ಎಂಬ ಕೊರಗು ಅವರ ಆತ್ಮಕಥೆಗಳಲ್ಲಿ ಕಾಣುತ್ತದೆ. ಇದಕ್ಕೆ ತದ್ವಿರುದ್ಧ ದಾರಿ ಹಿಡಿದವರು ಬ್ರಯನ್ ವಾಲ್ಡನ್. ಲೇಬರ್ ಸಂಸದರಾಗಿದ್ದ ಅವರು 1977ರಲ್ಲಿ ಸ್ಥಾನ ಬಿಟ್ಟು ಲಂಡನ್ ವೀಕೆಂಡ್ ಟೆಲಿವಿಷನ್‌ನ 'ವೀಕೆಂಡ್ ವರ್ಲ್ಡ್' ಕಾರ್ಯಕ್ರಮ ನಡೆಸಲು ಬಂದರು. ಭಾರತದ ಟಿವಿಯಲ್ಲಿ ಖಡಕ್ ಸಂದರ್ಶನಗಳಿಂದ ಹೆಸರಾದ ಕರಣ್ ಥಾಪರ್ ಪಳಗಿದ್ದೂ ಇದೇ ಲಂಡನ್ ವೀಕೆಂಡ್ ಸಂಸ್ಥೆಯಲ್ಲಿ. 2007ರಲ್ಲಿ ಗುಜರಾತ್ ಮುಖ್ಯಮಂತ್ರಿಯಾಗಿದ್ದ ನರೇಂದ್ರ ಮೋದಿ ಕೆಲವೇ ನಿಮಿಷಗಳಲ್ಲಿ ಥಾಪರ್ ಸಂದರ್ಶನ ನಿಲ್ಲಿಸಿದ ದೃಶ್ಯವನ್ನು ಕಂಡವರಿಗೆ ಬ್ರೈಟನ್‌ನ ಖಾಲಿ ಕುರ್ಚಿ ಅಪರಿಚಿತವೇನಲ್ಲ.

ಚುನಾವಣೆ ಸೋತ ಕೆಲವೇ ವಾರಗಳಲ್ಲಿ ಡೇ ಬಿಬಿಸಿಯ 'ಪನೋರಮಾ' ಸೇರಿದರು. ರಿಚರ್ಡ್ ಡಿಂಬಲ್‌ಬಿ ನಡೆಸುತ್ತಿದ್ದ ಆ ಕಾರ್ಯಕ್ರಮ ಆಗ ಬ್ರಿಟನ್‌ನ ಪ್ರಮುಖ ಸುದ್ದಿ ವಿಶ್ಲೇಷಣೆ. 1967ರಿಂದ 1972ರವರೆಗೆ ಡೇ ಅದರ ನಿರೂಪಕರೂ ಆಗಿದ್ದರು.

ಸಂದರ್ಶಕನಿಗೊಂದು ಸಂಹಿತೆ

1961ರಲ್ಲಿ ಪ್ರಕಟಿಸಿದ ತಮ್ಮ ಮೊದಲ ಪುಸ್ತಕದಲ್ಲಿ ಡೇ ಟಿವಿ ಸಂದರ್ಶಕರಿಗೆ ಹತ್ತು ಅಂಶಗಳ ಸಂಹಿತೆ ಬರೆದರು. ದೊಡ್ಡ ಮನುಷ್ಯನ ಎದುರು ಕುಗ್ಗಬಾರದು. ಪ್ರಶ್ನೆಗಳನ್ನು ಮುಂಚಿತವಾಗಿ ಬರೆದುಕೊಡಬಾರದು, ಬೇಕಿದ್ದರೆ ಯಾವ ವಿಷಯಗಳು ಬರುತ್ತವೆ ಎಂದು ಮಾತ್ರ ತಿಳಿಸಬಹುದು. ಇರುಸುಮುರುಸಾಗುವ ವಿಷಯವನ್ನು ಬಿಟ್ಟುಕೊಡುವ ಒಪ್ಪಂದ ಕೂಡದು. ದೊಡ್ಡ ಹೆಸರಿನವರು ಬಂದರೆ ಸಾಕು ಎಂದು ತನ್ನದೇ ಸಂಸ್ಥೆ ಪ್ರಶ್ನೆಗಳ ಮೊನೆ ಮುರಿಯಲು ನೋಡಿದರೂ ಮಣಿಯಬಾರದು.

ಇಷ್ಟು ಮಾತ್ರ ಓದಿದರೆ ಇದು ಅಬ್ಬರದ ಕೈಪಿಡಿ ಎನಿಸೀತು. ಸಂಹಿತೆಯ ಇನ್ನೊಂದು ಮುಖ ಬೇರೆ. ಉತ್ತರ ಕೊಡಲು ನ್ಯಾಯವಾದ ಅವಕಾಶ ಇರಬೇಕು. ಟಿವಿಗೆ ಹೊಸಬರಾದ ಸಾಮಾನ್ಯರನ್ನು ತನ್ನ ಅನುಭವದ ಬಲದಿಂದ ಸಿಕ್ಕಿಹಾಕಿಸಬಾರದು. ಕಠಿಣನಂತೆ ಕಾಣಬೇಕು ಎಂಬ ಒಂದೇ ಕಾರಣಕ್ಕೆ ಒರಟಾಗಬಾರದು. ಸಂದರ್ಶಕ ಸರ್ಕಾರಿ ವಕೀಲನಲ್ಲ, ವಿಚಾರಣಾಧಿಕಾರಿಯಲ್ಲ, ನೋಡುಗರ ಪರವಾಗಿ ಮಾಹಿತಿ ಕೇಳುವ ಪತ್ರಕರ್ತ ಅಷ್ಟೇ.

ಡೇ ಇದನ್ನೆಲ್ಲ ತಾವೇ ಯಾವಾಗಲೂ ಪಾಲಿಸಿದರು ಎಂದು ಹೇಳಲಾಗದು. ಮಾತಿನ ನಡುವೆ ಬಾಯಿ ಹಾಕುವುದು ಅವರ ಚಾಳಿ. ತಮ್ಮ ಮಾತಿಗೆ ತಾವೇ ಮಾರುಹೋಗುವ ಸ್ವಭಾವವೂ ಇತ್ತು. ಮಹಿಳಾ ಅತಿಥಿಗಳ ಜೊತೆ ಅವರು ಆಡುತ್ತಿದ್ದ ಹಾಸ್ಯದ ಮಾತುಗಳು ಆ ಕಾಲಕ್ಕೇ ಹಲವರಿಗೆ ಹಿಡಿಸಿರಲಿಲ್ಲ. ಆದರೆ ಸಿದ್ಧತೆ ಇಲ್ಲದೆ ಅವರು ಕ್ಯಾಮೆರಾ ಮುಂದೆ ಬಂದವರಲ್ಲ, ರಾಜಕಾರಣಿಗಳನ್ನು ಕಳ್ಳರಂತೆ ಕಂಡವರೂ ಅಲ್ಲ. ಸಂಸತ್ತನ್ನು ಗೌರವಿಸುತ್ತಿದ್ದ ಕಾರಣಕ್ಕೇ ಅದರ ಸದಸ್ಯರಿಂದ ಸರಿಯಾದ ಉತ್ತರ ಬೇಕು ಎನ್ನುತ್ತಿದ್ದರು. 1997ರಲ್ಲಿ ಬಿಬಿಸಿಯ ಜೆರೆಮಿ ಪ್ಯಾಕ್ಸ್‌ಮನ್ ಮಾಜಿ ಗೃಹ ಸಚಿವ ಮೈಕೆಲ್ ಹೋವರ್ಡ್ ಅವರಿಗೆ ಒಂದೇ ಪ್ರಶ್ನೆಯನ್ನು ಹತ್ತಾರು ಬಾರಿ ಕೇಳಿದ್ದು ಇದೇ ಪರಂಪರೆಯ ಮುಂದುವರಿಕೆ. ಆದರೆ ಪ್ಯಾಕ್ಸ್‌ಮನ್ ಮುಖದಲ್ಲಿ ಕಾಣುತ್ತಿದ್ದ ತಾತ್ಸಾರ ಡೇ ಶೈಲಿಯದಲ್ಲ.

ಸಂಸತ್ತಿನೊಳಗೆ ಕ್ಯಾಮೆರಾ

ಟಿವಿ ಸಂದರ್ಶನ ಸಂಸತ್ತಿನ ಚರ್ಚೆಗೆ ಬದಲಿ ಆಗಬಾರದು ಎಂದು ಡೇ ನಂಬಿದ್ದರು. ಮಂತ್ರಿಗಳು ಸದನದಲ್ಲಿ ಏನು ಹೇಳುತ್ತಾರೆ ಎಂಬುದನ್ನು ಜನ ಕಣ್ಣಾರೆ ನೋಡುವಂತಾದರೆ ಸ್ಟುಡಿಯೋದ ಮಹತ್ವ ತಾನಾಗಿ ಕಡಿಮೆಯಾಗುತ್ತದೆ ಎಂಬುದು ಅವರ ವಾದ. ಸ್ಟುಡಿಯೋದಿಂದಲೇ ಬದುಕು ಕಟ್ಟಿಕೊಂಡವರು ಹೀಗೆ ಹೇಳುವುದು ಅಪರೂಪ. 1963ರಲ್ಲೇ ಸಂಸತ್ ಕಲಾಪದ ಟಿವಿ ಪ್ರಸಾರಕ್ಕೆ ಒತ್ತಾಯಿಸಿ ಒಂದು ಕಿರುಹೊತ್ತಿಗೆ ಬರೆದರು.

ಸಂಸದರು ಒಪ್ಪಲಿಲ್ಲ. ಕ್ಯಾಮೆರಾ ಬಂದರೆ ಸದನ ನಾಟಕಶಾಲೆ ಆಗುತ್ತದೆ ಎಂಬ ಭಯ. 1966ರ ನವೆಂಬರ್‌ನಲ್ಲಿ ಪ್ರಾಯೋಗಿಕ ಪ್ರಸಾರದ ಪ್ರಸ್ತಾವ ಮತಕ್ಕೆ ಬಂದಾಗ ಸೋತದ್ದು ಒಂದೇ ಒಂದು ಮತದಿಂದ. ರೇಡಿಯೋಗೆ ಅನುಮತಿ ಸಿಕ್ಕಿ ನಿಯಮಿತ ಪ್ರಸಾರ ಶುರುವಾದದ್ದು 1978ರಲ್ಲಿ. 1985ರಲ್ಲಿ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್ ಕ್ಯಾಮೆರಾ ಒಳಗೆ ಬಿಟ್ಟಿತು. ಕೆಳಮನೆ ಹೌಸ್ ಆಫ್ ಕಾಮನ್ಸ್ 1988ರ ಫೆಬ್ರವರಿಯಲ್ಲಿ ಒಪ್ಪಿತು. ಮಾರ್ಗರೆಟ್ ಥ್ಯಾಚರ್ ವಿರುದ್ಧ ಮತ ಹಾಕಿದರೂ ಪ್ರಸ್ತಾವ ಗೆದ್ದಿತು. ಮೊದಲ ಪ್ರಸಾರ 1989ರ ನವೆಂಬರ್ 21ರಂದು. ಡೇ ಬರೆದು ಆಗಲೇ 26 ವರ್ಷ ಆಗಿತ್ತು.

ಜನರ ಕೈಗೆ ಮೈಕ್

1970ರ ದಶಕದಲ್ಲಿ ಡೇ ರೇಡಿಯೋ ಕಡೆ ಹೊರಳಿದರು. 'ಇಟ್ಸ್ ಯುವರ್ ಲೈನ್' ಎಂಬ ಕಾರ್ಯಕ್ರಮದಲ್ಲಿ ಕೇಳುಗರು ಫೋನ್ ಮಾಡಿ ರಾಜಕಾರಣಿಗಳನ್ನು ನೇರವಾಗಿ ಕೇಳಬಹುದಿತ್ತು. 1974ರ ಫೆಬ್ರವರಿ ಚುನಾವಣೆಯಲ್ಲಿ ಅದೇ ಮಾದರಿಯ 'ಎಲೆಕ್ಷನ್ ಕಾಲ್' ಬಂತು. ಪ್ರತಿದಿನ ಬೆಳಿಗ್ಗೆ ಒಬ್ಬ ನಾಯಕ, ಫೋನ್ ತುದಿಯಲ್ಲಿ ಮತದಾರರು, ನಡುವೆ ಡೇ. ಪತ್ರಕರ್ತನ ಪ್ರಶ್ನೆಗೆ ಹಾರಿಕೆ ಉತ್ತರ ಕೊಡುವುದು ಸುಲಭ. ಪಿಂಚಣಿ ಸಾಲುತ್ತಿಲ್ಲ ಎಂದು ಮನೆಯಿಂದ ಫೋನ್ ಮಾಡಿದ ಅಜ್ಜಿಗೆ ಹಾಗೆ ಹೇಳಿದರೆ ಮತ ಹೋಗುತ್ತದೆ. 1983ರ ಚುನಾವಣೆಯಲ್ಲಿ ಬಿಬಿಸಿ ಟಿವಿಯ 'ನೇಷನ್‌ವೈಡ್' ಕಾರ್ಯಕ್ರಮದಲ್ಲಿ ಸಾಮಾನ್ಯ ಶಿಕ್ಷಕಿಯೊಬ್ಬರು ಅರ್ಜೆಂಟೀನಾದ ಬೆಲ್‌ಗ್ರಾನೋ ಹಡಗು ಮುಳುಗಿಸಿದ ಬಗ್ಗೆ ಥ್ಯಾಚರ್ ಅವರನ್ನು ಬಿಡದೆ ಪ್ರಶ್ನಿಸಿದರು. ಆ ಹಡಗು ಯಾವ ದಿಕ್ಕಿಗೆ ಹೋಗುತ್ತಿತ್ತು ಎಂಬ ಅವರ ಪಟ್ಟು ಥ್ಯಾಚರ್ ಮುಖದ ಶಾಂತಿ ಕದಡಿತು. ಅದು ಡೇ ನಡೆಸಿದ ಕಾರ್ಯಕ್ರಮವಲ್ಲ. ಆದರೆ ಸಾಮಾನ್ಯ ಜನರ ಇಂಥ ಪ್ರಶ್ನೆಗೆ ನಾಯಕರು ಕಿವಿಗೊಡುವುದನ್ನು ರೂಢಿ ಮಾಡಿಸಿದ್ದರಲ್ಲಿ ಅವರ ಪಾಲು ದೊಡ್ಡದು.

1979ರಲ್ಲಿ ಡೇ ಪಾಲಿಗೆ ಎರಡು ಕೆಲಸ ಒಟ್ಟಿಗೆ ಬಂದವು. ಒಂದು, ಬಿಬಿಸಿ ರೇಡಿಯೋ 4ರ ಮಧ್ಯಾಹ್ನದ ಸುದ್ದಿ ಕಾರ್ಯಕ್ರಮ 'ದಿ ವರ್ಲ್ಡ್ ಅಟ್ ಒನ್'. ಅದನ್ನು 1987ರವರೆಗೆ ನಡೆಸಿದರು. ಇನ್ನೊಂದು, 1979ರ ಸೆಪ್ಟೆಂಬರ್ 25ರಂದು ಆರಂಭವಾದ 'ಕ್ವೆಶ್ಚನ್ ಟೈಮ್'. ಹೆಸರು ಬಂದದ್ದು ಬ್ರಿಟನ್ ಸಂಸತ್ತಿನ ಪ್ರಶ್ನೋತ್ತರ ವೇಳೆಯಿಂದ. ಮಾದರಿ 1948ರಿಂದ ರೇಡಿಯೋದಲ್ಲಿದ್ದ 'ಎನಿ ಕ್ವೆಶ್ಚನ್ಸ್?'. ವೇದಿಕೆಯಲ್ಲಿ ನಾಲ್ವರು, ಹೆಚ್ಚಾಗಿ ಬೇರೆ ಬೇರೆ ಪಕ್ಷಗಳ ಮೂವರು ಮತ್ತು ರಾಜಕೀಯದ ಹೊರಗಿನ ಒಬ್ಬರು. ಪ್ರಶ್ನೆ ಕೇಳುವವರು ಎದುರು ಕುಳಿತ ಸಾರ್ವಜನಿಕರು.

ಇದನ್ನು ಕೆಲ ತಿಂಗಳ ಮಟ್ಟಿಗೆ, ಖಾಲಿ ಜಾಗ ತುಂಬಲು ಎಂದು ಶುರು ಮಾಡಿದ್ದರು. ಹತ್ತು ವರ್ಷ ಡೇ ಅದನ್ನು ನಡೆಸಿದರು. ಇಲ್ಲಿ ಅವರ ಕೆಲಸ ಪ್ರಶ್ನಿಸುವುದಕ್ಕಿಂತ ಸಭೆ ನಡೆಸುವುದು. ಮಂತ್ರಿ ರಾಗ ಎಳೆದರೆ ತುಂಡು ಮಾಡುವುದು, ಸಭಿಕರು ಹಿಂಜರಿದರೆ ಹುರಿದುಂಬಿಸುವುದು, ಮಾತು ಕಾವೇರಿದಾಗ ಒಂದು ನಗೆಚಟಾಕಿ. 1981ರಲ್ಲಿ ಸರ್ ಪದವಿ ಬಂತು. ಗೊಂಬೆಗಳ ವಿಡಂಬನಾ ಕಾರ್ಯಕ್ರಮ 'ಸ್ಪಿಟಿಂಗ್ ಇಮೇಜ್' ಅವರ ಗೊಂಬೆಯನ್ನೂ ಮಾಡಿತು. ಬ್ರಿಟನ್‌ನಲ್ಲಿ ಸರ್ ಪದವಿಗಿಂತ ಇದೇ ದೊಡ್ಡ ಬಿರುದು ಎಂದು ಹಲವರು ತಮಾಷೆ ಮಾಡುವುದುಂಟು.

ಥ್ಯಾಚರ್ ಎದುರು

ಡೇ ಅವರ ವಿದ್ಯೆಗೆ ನಿಜವಾದ ಸವಾಲು ಬಂದದ್ದು ಮಾರ್ಗರೆಟ್ ಥ್ಯಾಚರ್ ಅವರಿಂದ. ಥ್ಯಾಚರ್ ಕೂಡ ವಕೀಲಿಕೆ ಓದಿದವರು. ಪ್ರಶ್ನೆ ಏನೇ ಇರಲಿ, ತಾವು ಹೇಳಬೇಕೆಂದು ಮನೆಯಿಂದ ತಂದದ್ದನ್ನು ಪೂರ್ತಿ ಹೇಳಿಯೇ ತೀರುವುದು ಅವರ ತಂತ್ರ. ನಡುವೆ ತಡೆದರೆ ಸಂದರ್ಶಕನೇ ಒರಟನಂತೆ ಕಾಣುತ್ತಾನೆ, ಸುಮ್ಮನಿದ್ದರೆ ಸಮಯ ಮುಗಿಯುತ್ತದೆ. 1987ರ ಚುನಾವಣೆ ಹೊತ್ತಿನ ಪನೋರಮಾ ಸಂದರ್ಶನದಲ್ಲಿ ಡೇ ತಾಳ್ಮೆ ಕಳೆದುಕೊಂಡು, ಇದು ಪಕ್ಷದ ಪ್ರಚಾರ ಭಾಷಣವಲ್ಲ ಸಂದರ್ಶನ, ಆಗೊಮ್ಮೆ ಈಗೊಮ್ಮೆ ನಾನೂ ಪ್ರಶ್ನೆ ಕೇಳಬೇಕಲ್ಲ ಎಂದು ನೆನಪಿಸಬೇಕಾಯಿತು. ಥ್ಯಾಚರ್ ಮಾತು ಮುಂದುವರಿಸಿದರು.

ಈ ಅನುಭವದಿಂದಲೇ ಡೇ ಒಂದು ನಿರ್ಧಾರಕ್ಕೆ ಬಂದರು. 1989ರಲ್ಲಿ ಪ್ರಕಟಿಸಿದ 'ಗ್ರ್ಯಾಂಡ್ ಇನ್‌ಕ್ವಿಸಿಟರ್' ಎಂಬ ನೆನಪುಗಳ ಪುಸ್ತಕದಲ್ಲೂ ಆಮೇಲೂ ಅವರು ಹೇಳಿದ ಮಾತಿನ ಸಾರ ಇಷ್ಟು: ಟಿವಿ ಸಂದರ್ಶನವನ್ನು ರಾಜಕಾರಣಿಗಳು ವಶಪಡಿಸಿಕೊಂಡಿದ್ದಾರೆ. ಮೊದಮೊದಲು ಪ್ರಶ್ನೆ ಎದುರಾದಾಗ ಅವರು ಯೋಚಿಸಿ ಉತ್ತರಿಸುತ್ತಿದ್ದರು, ಕೆಲವೊಮ್ಮೆ ಎಡವುತ್ತಿದ್ದರು, ಅದರಿಂದ ಜನಕ್ಕೆ ಏನಾದರೂ ಗೊತ್ತಾಗುತ್ತಿತ್ತು. ಈಗ ಸಲಹೆಗಾರರು ತರಬೇತಿ ಕೊಟ್ಟು ಕಳಿಸುತ್ತಾರೆ, ಯಾವ ಪ್ರಶ್ನೆಗೂ ಒಂದೇ ಸಿದ್ಧ ಉತ್ತರ.

ಅವರ ಅಳಲಿನಲ್ಲಿ ಸ್ವಲ್ಪ ವೃದ್ಧಾಪ್ಯದ ಗೊಣಗಾಟವೂ ಇದ್ದಿರಬಹುದು. 1989ರ ಅಕ್ಟೋಬರ್‌ನಲ್ಲಿ ಹಣಕಾಸು ಸಚಿವ ನೈಜೆಲ್ ಲಾಸನ್ ರಾಜೀನಾಮೆ ಕೊಟ್ಟ ಬೆನ್ನಲ್ಲೇ ಬ್ರಯನ್ ವಾಲ್ಡನ್ ನಡೆಸಿದ ಸಂದರ್ಶನದಲ್ಲಿ ಅದೇ ಥ್ಯಾಚರ್ ಸರಿಯಾದ ಉತ್ತರ ಸಿಗದೆ ತಡಕಾಡಿದ್ದನ್ನು ಬ್ರಿಟನ್ ನೋಡಿತು. ಆದರೆ ರೋಗ ಎಲ್ಲಿದೆ ಎಂದು ಡೇ ಬೆರಳಿಟ್ಟು ತೋರಿಸಿದ ಜಾಗ ಸರಿಯಾಗಿಯೇ ಇತ್ತು. ಕೇಳಿದ ಪ್ರಶ್ನೆಗೆ ಜಾಣ ಕಿವುಡು ತೋರಿ ತಮ್ಮ ಪಟ್ಟಿಯಲ್ಲಿರುವುದನ್ನೇ ಓದುವ ನಾಯಕರನ್ನು ಈಗ ಯಾವ ದೇಶದ, ಯಾವ ಭಾಷೆಯ ಚಾನೆಲ್ ಹಾಕಿದರೂ ಕಾಣಬಹುದು.

ಕೊನೆಯ ವರ್ಷಗಳು

1985ರಲ್ಲಿ ಡೇ ಅವರಿಗೆ ಹೃದಯದ ಶಸ್ತ್ರಚಿಕಿತ್ಸೆ ಆಗಿತ್ತು. 1989ರ ಬೇಸಿಗೆಯಲ್ಲಿ ಕ್ವೆಶ್ಚನ್ ಟೈಮ್ ಬಿಟ್ಟರು. ಅವರ ನಂತರ ಪೀಟರ್ ಸಿಸನ್ಸ್, ಆಮೇಲೆ 1994ರಿಂದ 2018ರವರೆಗೆ ರಿಚರ್ಡ್ ಡಿಂಬಲ್‌ಬಿ ಅವರ ಮಗ ಡೇವಿಡ್ ಡಿಂಬಲ್‌ಬಿ ಆ ಕುರ್ಚಿಯಲ್ಲಿ ಕುಳಿತರು. 2019ರಲ್ಲಿ ಫಿಯೋನಾ ಬ್ರೂಸ್ ಬಂದರು. ಕೆಲ ತಿಂಗಳಿಗೆಂದು ಹುಟ್ಟಿದ ಕಾರ್ಯಕ್ರಮ ನಾಲ್ಕು ದಶಕ ದಾಟಿದೆ.

ಬಿಬಿಸಿಯ ದೊಡ್ಡ ಕಾರ್ಯಕ್ರಮಗಳು ಕೈಬಿಟ್ಟ ಮೇಲೆ ಡೇ ಅಲ್ಲಲ್ಲಿ ಕಾಣಿಸಿಕೊಳ್ಳುತ್ತಿದ್ದರು. 1993ರಲ್ಲಿ ತಮ್ಮ ಹೆಸರಾಂತ ಸಂದರ್ಶನಗಳನ್ನು ಆರಿಸಿ '...ಬಟ್ ವಿತ್ ರೆಸ್ಪೆಕ್ಟ್' ಎಂಬ ಪುಸ್ತಕ ತಂದರು. ಗೌರವಪೂರ್ವಕವಾಗಿಯೇ ಕೇಳುತ್ತೇನೆ ಎಂದು ಪೀಠಿಕೆ ಹಾಕಿ ಮರುಕ್ಷಣವೇ ಮೊನಚು ಪ್ರಶ್ನೆ ಎಸೆಯುವವರಿಗೆ ಒಪ್ಪುವ ಹೆಸರು.

2000ದ ಆಗಸ್ಟ್ 6ರಂದು ಲಂಡನ್‌ನಲ್ಲಿ ಡೇ ನಿಧನರಾದರು. ಆಗ 76 ವರ್ಷ. ಅವರ ಚಿತಾಭಸ್ಮವನ್ನು ಡಾರ್ಸೆಟ್ ಪ್ರಾಂತ್ಯದ ವಿಚರ್ಚ್ ಕೆನೊನಿಕೋರಂ ಎಂಬ ಹಳ್ಳಿಯ ಚರ್ಚ್ ಆವರಣದಲ್ಲಿ ಇಡಲಾಗಿದೆ. ಲಂಡನ್‌ನಲ್ಲಿ ವಿಷಪ್ರಾಶನದಿಂದ 1978ರಲ್ಲಿ ಕೊಲೆಯಾದ, ಬಿಬಿಸಿಗೂ ಕೆಲಸ ಮಾಡಿದ್ದ ಬಲ್ಗೇರಿಯಾದ ಲೇಖಕ ಜಾರ್ಜಿ ಮಾರ್ಕೋವ್ ಸಮಾಧಿಯೂ ಅಲ್ಲಿಯೇ ಇದೆ. ಡೇ ಸ್ಮಾರಕದ ಕಲ್ಲಿನ ಮೇಲೆ ಅವರ ಹೆಸರಿನ ಜೊತೆ 'ಗ್ರ್ಯಾಂಡ್ ಇನ್‌ಕ್ವಿಸಿಟರ್' ಎಂದು ಕೆತ್ತಲಾಗಿದೆ. ಮಹಾ ವಿಚಾರಣಾಧಿಕಾರಿ ಎಂದು ಅದರ ಅರ್ಥ. ಸಂದರ್ಶಕ ಹಾಗಾಗಬಾರದು ಎಂದು 1961ರಲ್ಲಿ ಬರೆದಿದ್ದವರೂ ಅವರೇ, ಆ ಹೆಸರನ್ನು ತಮ್ಮ ಪುಸ್ತಕಕ್ಕೆ ಇಟ್ಟುಕೊಂಡವರೂ ಅವರೇ.